ಹೀಟರ್ ಇಲ್ಲದ ಗಾಜಿನ ಕೋಣೆ: ಬೆಂಗಳೂರಿನ ಮನೆಗೆ ಹೊಂದುತ್ತದಾ?

ಹೊಂಗೆನೆರಳು (ವಿಜಯನಗರ)

ಎಲ್ಲರಿಗೂ ನಮಸ್ಕಾರ. ನಮ್ಮದು 30×40 ಸೈಟಿನ ಮನೆ. ಕೆಳಗೆ ಬಾಡಿಗೆಯವರು, ಮೊದಲ ಮಹಡಿಯಲ್ಲಿ ನಾವು. ನಮ್ಮ ಹಾಲ್‌ಗೆ ಅಂಟಿಕೊಂಡು ಪೂರ್ವದ ಕಡೆ ತೆರೆದ ತಾರಸಿ ಇದೆ. ಅಲ್ಲಿ 10 ಅಡಿಗೆ 12 ಅಡಿಯ ಗಾಜಿನ ಕೋಣೆ ಕಟ್ಟಿಸಬೇಕು ಅಂತ ಆಸೆ. ಅಮ್ಮನಿಗೆ ಗಿಡ ಅಂದರೆ ಪ್ರಾಣ. ಬೆಳಗ್ಗೆ ಕೂತು ಕಾಫಿ ಕುಡಿಯಲು, ಮಳೆ ಬಂದಾಗಲೂ ಗಿಡಗಳ ಜೊತೆ ಇರಲು ಒಂದು ಜಾಗ ಬೇಕು ಅನ್ನುತ್ತಾರೆ.

ಅಕ್ಕ ಇಂಗ್ಲೆಂಡಿನಲ್ಲಿದ್ದಾಳೆ. ಅವರ ಮನೆ ಹಿಂದೆ ಇಂಥದ್ದೇ ಕೋಣೆ ಇದೆ, ಹೀಟರ್ ಹಾಕಿಲ್ಲ. ಚಳಿಗಾಲದಲ್ಲಿ ಅಲ್ಲಿ ಕೂರಲು ಆಗುವುದಿಲ್ಲ, ಗಿಡಗಳನ್ನು ಹಿಮದಿಂದ ಕಾಪಾಡಲು ಮಾತ್ರ ಸಾಕು ಅನ್ನುತ್ತಾಳೆ. ನಮಗೆ ಆ ಚಳಿ ಇಲ್ಲ. ಆದರೆ ಏಪ್ರಿಲ್ ಬಿಸಿಲಿಗೆ ಏನು ಮಾಡುವುದು? ಗಾಜು ಹಾಕಬೇಕೋ ಪಾಲಿಕಾರ್ಬೊನೇಟ್ (ಗಟ್ಟಿ ಪ್ಲಾಸ್ಟಿಕ್) ಶೀಟ್ ಸಾಕೋ? ಹಳೆಯ ತಾರಸಿ ಭಾರ ತಡೆಯುತ್ತದಾ? ಕಟ್ಟಿಸಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಸಂಪಿಗೆರಸ್ತೆ (ಮಲ್ಲೇಶ್ವರ)

ನಮ್ಮ ಮನೆಯಲ್ಲಿ ಇದೆ. ವರ್ಷವಿಡೀ ಬಳಸುತ್ತೇವೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಚಳಿಯ ವಿಷಯ ಮುಗಿಸೋಣ. ಬೆಂಗಳೂರಿನಲ್ಲಿ ಜನವರಿಯ ರಾತ್ರಿ ಸಾಮಾನ್ಯವಾಗಿ 15, 16 ಡಿಗ್ರಿ. ಇಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣತೆಯೇ 7.8 ಡಿಗ್ರಿ, ಅದೂ 1884ರಲ್ಲಿ. ಹಿಮ ಬೀಳುವ ಮಾತೇ ಇಲ್ಲ. ಹೀಟರ್ ಬಗ್ಗೆ ಯೋಚನೆಯನ್ನೇ ಮಾಡಬೇಡಿ. ಡಿಸೆಂಬರ್ ಬೆಳಗ್ಗೆ ಪೂರ್ವದ ಗಾಜಿನಿಂದ ಎಳೆ ಬಿಸಿಲು ಬಂತು ಅಂದರೆ ಒಂಬತ್ತು ಗಂಟೆಗೆಲ್ಲ ಒಳಗೆ ಹಿತವಾಗಿರುತ್ತದೆ. ನಿಮ್ಮ ಅಮ್ಮ ಸ್ವೆಟರ್ ತೆಗೆದಿಟ್ಟೇ ಕೂರಬಹುದು.

ನಮ್ಮ ಕಷ್ಟ ಇರುವುದು ಚಾವಣಿಯಲ್ಲಿ. ಇಂಗ್ಲೆಂಡಿನಲ್ಲಿ ಡಿಸೆಂಬರ್ ಮಧ್ಯಾಹ್ನದ ಸೂರ್ಯ ಬರೀ 15 ಡಿಗ್ರಿ ಎತ್ತರಕ್ಕೆ ಏರುತ್ತಾನೆ. ಆ ಓರೆ ಬಿಸಿಲನ್ನು ಹಿಡಿಯಲು ಅಲ್ಲಿಯವರು ದಕ್ಷಿಣಕ್ಕೆ ಮುಖ ಮಾಡಿ, ಗೋಡೆ ಚಾವಣಿ ಎಲ್ಲ ಗಾಜು ಹಾಕುತ್ತಾರೆ. ನಮ್ಮೂರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನ ಅಂತ ಕೇಳಿರುತ್ತೀರಿ, ಅದೇ. ಅಂದರೆ ವರ್ಷದ ಅತಿ ಬಿಸಿ ತಿಂಗಳಲ್ಲೇ ಬಿಸಿಲು ಗೋಡೆಯ ಗಾಜನ್ನು ಬಿಟ್ಟು ಪೂರ್ತಿ ಚಾವಣಿಯ ಮೇಲೆ ಬೀಳುತ್ತದೆ.

ಲೆಕ್ಕ ಹಾಕಿ ನೋಡಿ. 10×12 ಅಂದರೆ ಸುಮಾರು 11 ಚದರ ಮೀಟರ್. ಮೋಡ ಇಲ್ಲದ ಏಪ್ರಿಲ್ ಮಧ್ಯಾಹ್ನ ಪ್ರತಿ ಚದರ ಮೀಟರಿಗೆ ಹತ್ತಿರ ಹತ್ತಿರ ಒಂದು ಕಿಲೋವ್ಯಾಟ್ ಬಿಸಿಲು ಬೀಳುತ್ತದೆ. ಅದರ ಮುಕ್ಕಾಲು ಪಾಲು ಗಾಜು ದಾಟಿ ಬಂದರೂ ಎಂಟು ಕಿಲೋವ್ಯಾಟ್. ಬಚ್ಚಲಿನ ಗೀಜರ್ ನಾಲ್ಕನ್ನು ಆ ಪುಟ್ಟ ಕೋಣೆಯಲ್ಲಿ ಒಟ್ಟಿಗೆ ಆನ್ ಮಾಡಿಟ್ಟಷ್ಟು ಶಾಖ. ಕಿಟಕಿ ಮುಚ್ಚಿದ್ದರೆ ಗಿಡ ಸುಟ್ಟೇ ಹೋಗುತ್ತದೆ.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಇಷ್ಟು: ಸೂರ್ಯ ನೆತ್ತಿಗೆ ಬರುವ ಊರಿನಲ್ಲಿ ಚಾವಣಿ ಪೂರ್ತಿ ಗಾಜು ಬೇಡ. ಮನೆಯ ಗೋಡೆಗೆ ತಾಗುವ ಅರ್ಧಕ್ಕೆ ಶಾಖ ತಡೆಯುವ ಪಫ್ ಪ್ಯಾನೆಲ್ (ಎರಡು ತಗಡಿನ ನಡುವೆ ಫೋಮ್ ಇರುವ ಹಲಗೆ) ಅಥವಾ ಹೆಂಚು ಹಾಕಿ. ಪೂರ್ವದ ಅರ್ಧಕ್ಕೆ ಮಾತ್ರ ಗಾಜು ಇರಲಿ. ಗೋಡೆಗಳಿಗೆ ಎಷ್ಟು ಬೇಕಾದರೂ ಗಾಜು ಹಾಕಿ. ನೆರಳಿನ ಅರ್ಧದಲ್ಲಿ ಕುರ್ಚಿ, ಬೆಳಕಿನ ಅರ್ಧದಲ್ಲಿ ಗಿಡ.

ಇನ್ನೊಂದು, ಗಾಳಿ. ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ, ಅದಕ್ಕೆ ಹೊರಗೆ ದಾರಿ ಬೇಕು. ಚಾವಣಿಯ ಅತಿ ಎತ್ತರದ ಜಾಗದಲ್ಲಿ ತೆರೆಯುವ ಕಿಂಡಿ, ನೆಲದ ಹತ್ತಿರ ಲೂವರ್ (ಓರೆ ಪಟ್ಟಿಗಳ ಕಿಟಕಿ). ಮೇಲಿನ ಕಿಂಡಿಗಳ ಒಟ್ಟು ಅಳತೆ ನೆಲದ ಅಳತೆಯ ಶೇಕಡ 15ರಿಂದ 20 ಇರಬೇಕು ಅನ್ನುವುದು ಗಾಜಿನ ಮನೆ ಕಟ್ಟುವವರ ಲೆಕ್ಕ. ನಿಮ್ಮ 120 ಚದರ ಅಡಿಗೆ 18ರಿಂದ 24 ಚದರ ಅಡಿ ಆಯಿತು. ಇದು ಸಣ್ಣದಲ್ಲ. ಫ್ಯಾಬ್ರಿಕೇಟರ್‌ಗಳು ಒಂದು ಎಕ್ಸಾಸ್ಟ್ ಫ್ಯಾನ್ ಸಾಕು ಸರ್ ಅನ್ನುತ್ತಾರೆ. ಒಪ್ಪಬೇಡಿ.

ಲಾಲ್‌ಬಾಗಿನ ಗಾಜಿನ ಮನೆಯನ್ನು ಒಮ್ಮೆ ಈ ಕಣ್ಣಿನಿಂದ ನೋಡಿ ಬನ್ನಿ. 1889ರಲ್ಲಿ ಅಡಿಗಲ್ಲು ಹಾಕಿದ್ದು, ಆಗ ತೋಟದ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರಾನ್ ಕಾಲದಲ್ಲಿ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಎಂಬ ಗಾಜಿನ ಕಟ್ಟಡ ನೋಡಿ ಮಾಡಿದ್ದು ನಿಜ. ಆದರೆ ಎತ್ತರ ಎಷ್ಟಿದೆ, ಬದಿಗಳಲ್ಲಿ ಗಾಳಿ ಎಷ್ಟು ಸಲೀಸಾಗಿ ಓಡಾಡುತ್ತದೆ ನೋಡಿ. ಫಲಪುಷ್ಪ ಪ್ರದರ್ಶನದ ಜನಜಂಗುಳಿಯಲ್ಲಿ ಇದು ಗೊತ್ತಾಗುವುದಿಲ್ಲ. ವಾರದ ಮಧ್ಯೆ, ಮಧ್ಯಾಹ್ನ ಹೋಗಿ.

ಕಾಲಂಬೀಮು (ಬನಶಂಕರಿ)

ಭಾರದ ಪ್ರಶ್ನೆಗೆ ಉತ್ತರಿಸುತ್ತೇನೆ, ಅದು ನನ್ನ ಕೆಲಸ.

ಗಾಜಿನ ತೂಕ ಸುಲಭದ ಲೆಕ್ಕ. ಒಂದು ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ 2.5 ಕೆ.ಜಿ. ಚಾವಣಿಗೆ ಹಾಕುವ 6+6 ಲ್ಯಾಮಿನೇಟೆಡ್ ಗಾಜು (6 ಮಿ.ಮೀ.ಯ ಎರಡು ಗಾಜು ಅಂಟಿಸಿದ್ದು) ಚದರ ಮೀಟರಿಗೆ 30 ಕೆ.ಜಿ. ದಾಟುತ್ತದೆ. ಪೂರ್ತಿ ಹಾಕಿದರೆ ಚಾವಣಿಯ ಗಾಜೇ 340 ಕೆ.ಜಿ. ಸುಮಾರು. ಅದರ ಮೇಲೆ ಕಬ್ಬಿಣ, ಗೋಡೆಯ ಗಾಜು.

ಆದರೆ ನಾನು ಹೆದರುವುದು ಗಾಜಿಗಲ್ಲ, ಮಣ್ಣಿಗೆ. ಜನ ಓಡಾಡುವ ತಾರಸಿಗೆ ಸಾಮಾನ್ಯವಾಗಿ ಚದರ ಮೀಟರಿಗೆ 150 ಕೆ.ಜಿ. ಅಂತ ಹಿಡಿದು ಡಿಸೈನ್ ಮಾಡಿರುತ್ತಾರೆ. ಒಂದು ಅಡಿ ಆಳದ ಒದ್ದೆ ಮಣ್ಣಿನ ಪಾತಿ ಚದರ ಮೀಟರಿಗೆ 500 ಕೆ.ಜಿ. ಆಸುಪಾಸು ತೂಗುತ್ತದೆ. ಗಾಜಿನ ಕೋಣೆ ಆಯಿತು ಅಂದ ಕೂಡಲೇ ಜನ ಇಟ್ಟಿಗೆ ಕಟ್ಟಿ, ಮಣ್ಣು ತುಂಬಿ, ನಿಂಬೆ ಗಿಡ ನೆಡುತ್ತಾರೆ. ದಯವಿಟ್ಟು ಬೇಡ. ಕುಂಡಗಳೇ ಇರಲಿ, ತೆಂಗಿನ ನಾರಿನ ಪುಡಿ ಜಾಸ್ತಿ ಇರುವ ಹಗುರ ಮಿಶ್ರಣ ಇರಲಿ. ದೊಡ್ಡ ಕುಂಡಗಳನ್ನು ಸ್ಲ್ಯಾಬಿನ ನಡುವೆ ಇಡದೆ ಬೀಮಿನ ಮೇಲೆ, ಗೋಡೆಯ ಪಕ್ಕ ಇಡಿ.

ಕಬ್ಬಿಣದ ಕಂಬಗಳನ್ನು ಪ್ಯಾರಪೆಟ್ ಮೇಲೆ ನಿಲ್ಲಿಸಬೇಡಿ. ನಾಲ್ಕು ಇಂಚಿನ ಬ್ಲಾಕ್ ಪ್ಯಾರಪೆಟ್ ಭಾರ ಹೊರಲು ಕಟ್ಟಿದ್ದಲ್ಲ. ಕೆಳಗಿನ ಕಾಲಂ, ಬೀಮು ಎಲ್ಲಿದೆ ಹುಡುಕಿ ಅದರ ಮೇಲೇ ಕಂಬ ಬರಬೇಕು. ಗಾಳಿ ಹೊಡೆದಾಗ ಚಾವಣಿಯನ್ನು ಮೇಲಕ್ಕೆ ಎತ್ತುತ್ತದೆ, ಹಾಗಾಗಿ ಬೋಲ್ಟು ಸ್ಲ್ಯಾಬಿಗೆ ಹೋಗಲೇಬೇಕು. ಹೋದ ಜಾಗದಲ್ಲಿ ವಾಟರ್‌ಪ್ರೂಫಿಂಗ್ ಒಡೆಯುತ್ತದೆ. ಪ್ರತಿ ಕಂಬದ ಬುಡಕ್ಕೂ ಒಂದು ಸಣ್ಣ ಕಾಂಕ್ರೀಟ್ ಪೀಠ ಕಟ್ಟಿಸಿ, ಅದನ್ನು ಸೇರಿಸಿ ಹೊಸದಾಗಿ ವಾಟರ್‌ಪ್ರೂಫಿಂಗ್ ಮಾಡಿಸಿ. ಕೆಳಗೆ ಬಾಡಿಗೆಯವರು ಇದ್ದಾರೆ ಅಂದಿರಲ್ಲ, ಮೊದಲ ಮಳೆಗೆ ಅವರ ಸೀಲಿಂಗ್ ಸೋರಬಾರದು. ಸ್ಥಳಕ್ಕೆ ಬಂದು ನೋಡುವ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ಬರೆಸಿಕೊಳ್ಳಿ, ಬರೀ ಫೋಟೋ ಕಳಿಸಿ ಕೇಳಬೇಡಿ.

ಕಳ್ಳಿಗಿಡ (ಯಲಹಂಕ)

ನನ್ನದು ಬೇರೆ ಅಭಿಪ್ರಾಯ. ನನ್ನ ಹತ್ತಿರ ಕಳ್ಳಿ, ಅಡೇನಿಯಂ ತುಂಬ ಇವೆ. ಅವಕ್ಕೆ ಬೇಕಿರುವುದು ಬೆಚ್ಚಗಿನ ಕೋಣೆ ಅಲ್ಲ, ಮಳೆಯಿಂದ ರಕ್ಷಣೆ. ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ಬೇರು ಕೊಳೆತು ಹೋಗುತ್ತವೆ. ನಾನು 10 ಮಿ.ಮೀ. ದಪ್ಪದ, ಪದರಗಳ ನಡುವೆ ಟೊಳ್ಳು ಕೊಳವೆಗಳಿರುವ ಪಾಲಿಕಾರ್ಬೊನೇಟ್ ಶೀಟ್ ಹಾಕಿಸಿದೆ. ನಾಲ್ಕೂ ಬದಿ ತೆರೆದು ಬರೀ ಜಾಲರಿ. ತೂಕ ಚದರ ಮೀಟರಿಗೆ ಎರಡು ಕೆ.ಜಿ.ಯೂ ಇಲ್ಲ, ಗಾಜಿಗಿಂತ ಅಗ್ಗ, ಒಡೆದು ತಲೆ ಮೇಲೆ ಬೀಳುವ ಭಯ ಇಲ್ಲ. ಗಿಡ ಬೆಳೆಸುವುದೇ ಮುಖ್ಯ ಆದರೆ ಗಾಜಿಗೆ ಯಾಕೆ ಅಷ್ಟು ದುಡ್ಡು?

ಹಾಕಿಸುವಾಗ ಮೂರು ವಿಷಯ ನೋಡಿಕೊಳ್ಳಿ. ಯುವಿ ಲೇಪ ಇರುವ ಮುಖ ಮೇಲಕ್ಕೆ ಬರಬೇಕು, ತಿರುವಿ ಹಾಕಿದರೆ ಬೇಗ ಹಳದಿಯಾಗಿ ಪೆಡಸಾಗುತ್ತದೆ. ಒಳಗಿನ ಕೊಳವೆಗಳು ಇಳಿಜಾರಿನ ದಿಕ್ಕಿಗೇ ಇರಬೇಕು, ಇಲ್ಲದಿದ್ದರೆ ನೀರು ನಿಂತು ಪಾಚಿ ಕಟ್ಟುತ್ತದೆ. ಬಿಸಿಲಿಗೆ ಶೀಟು ಹಿಗ್ಗುತ್ತದೆ, ಮೀಟರಿಗೆ ಮೂರು ಮಿ.ಮೀ. ಸಂದು ಬಿಡಬೇಕು, ಸ್ಕ್ರೂ ತೂತು ದೊಡ್ಡದಿರಬೇಕು.

ಸಂಪಿಗೆರಸ್ತೆ (ಮಲ್ಲೇಶ್ವರ)

ಕಳ್ಳಿಗಿಡ ಅವರೇ, ನಿಮ್ಮ ಗಿಡಗಳಿಗೆ ನೀವು ಮಾಡಿದ್ದೇ ಸರಿ. ಆದರೆ ಹೊಂಗೆನೆರಳು ಅವರ ಅಮ್ಮ ಅಲ್ಲಿ ಕೂರಬೇಕು ಅಂತಿದ್ದಾರೆ. ಜೋರು ಮಳೆಯಲ್ಲಿ ಪಾಲಿಕಾರ್ಬೊನೇಟ್ ಕೆಳಗೆ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಪದರದ ಶೀಟಿನಿಂದ ಆಕಾಶವೂ ಸರಿಯಾಗಿ ಕಾಣುವುದಿಲ್ಲ, ಬರೀ ಬೆಳ್ಳಗೆ ಬೆಳಕು. ಮೋಡ ಕಟ್ಟುವುದು, ಮಳೆ ಬರುವುದು, ಎದುರಿನ ಹೊಂಗೆ ಮರ ಚಿಗುರುವುದು ಎಲ್ಲ ಕೂತಲ್ಲೇ ನೋಡಬೇಕು ಅಂದರೆ ಗಾಜೇ ಬೇಕು. ಆ ಸುಖಕ್ಕೆ ದುಡ್ಡು ಕೊಡುವುದರಲ್ಲಿ ತಪ್ಪೇನಿಲ್ಲ.

ಶೇಡ್ ನೆಟ್ (ನೆರಳಿನ ಬಲೆ) ಬಗ್ಗೆ ಹೇಳುವುದು ಬಿಟ್ಟಿದ್ದೆ. ನೆಟ್ ಅನ್ನು ಗಾಜಿನ ಹೊರಗೆ, ಅರ್ಧ ಅಡಿ ಮೇಲೆ ಕಟ್ಟಬೇಕು. ಒಳಗೆ ಕಟ್ಟಿದರೆ ಬಿಸಿಲು ಆಗಲೇ ಗಾಜು ದಾಟಿ ಬಂದಿರುತ್ತದೆ. ನೆಟ್ಟೇ ಬಿಸಿಯಾಗಿ ಆ ಶಾಖವನ್ನು ಕೋಣೆಗೇ ಬಿಡುತ್ತದೆ. ಫೆಬ್ರವರಿ ಕೊನೆಗೆ ಅರ್ಧ ಬಿಸಿಲು ತಡೆಯುವ 50 ಪರ್ಸೆಂಟ್ ನೆಟ್ ಎಳೆಯಿರಿ, ಜೂನ್ ಮೋಡ ಬಂದ ಮೇಲೆ ಸುತ್ತಿಡಿ. ರಾಟೆ ಹಾಕಿ ಹಗ್ಗದಲ್ಲಿ ಎಳೆಯುವ ಹಾಗೆ ಮಾಡಿಸಿದರೆ ಏಣಿ ಹತ್ತುವ ಕೆಲಸ ಇರುವುದಿಲ್ಲ. ನೆಟ್ ಬೇಡ ಅನ್ನುವವರು ಬೇಸಿಗೆಯಲ್ಲಿ ಗಾಜಿನ ಹೊರಗೆ ತೆಳ್ಳಗೆ ಸುಣ್ಣ ಬಳಿಯುತ್ತಾರೆ. ಇದು ಹಳೆಯ ಪದ್ಧತಿ, ಮಳೆಗೆ ತಾನೇ ತೊಳೆದು ಹೋಗುತ್ತದೆ.

ಹೊಂಗೆನೆರಳು (ವಿಜಯನಗರ)

ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದ್ದೀರಿ ಎಲ್ಲರೂ. ಅರ್ಧ ಚಾವಣಿಯ ಮಾತು ಅಮ್ಮನಿಗೂ ಹಿಡಿಸಿತು. ಇನ್ನೆರಡು ಚಿಂತೆ. ಉತ್ತರದ ಕಡೆ ಪಕ್ಕದ ಮನೆಯ ತೆಂಗಿನ ಮರ ಇದೆ, ಗರಿ ನಮ್ಮ ತಾರಸಿಗೇ ಬೀಳುತ್ತದೆ. ಕೋತಿಗಳೂ ಆಗಾಗ ಬರುತ್ತವೆ. ಗಾಜು ಉಳಿಯುತ್ತದಾ?

ಕಬ್ಬಿಣದಕೆಲಸ (ಪೀಣ್ಯ)

ಈ ಕೆಲಸ ಮಾಡುವವನು ನಾನು. ನೇರವಾಗಿ ಹೇಳುತ್ತೇನೆ.

ಟಫನ್ಡ್ ಗಾಜು, ಅಂದರೆ ಕಾಯಿಸಿ ತಟ್ಟನೆ ತಣಿಸಿದ ಗಾಜು, ಸಾದಾ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿ. ಏಪ್ರಿಲ್, ಮೇ ತಿಂಗಳ ಆಲಿಕಲ್ಲಿಗೆ ಸಾಮಾನ್ಯವಾಗಿ ಜಗ್ಗುವುದಿಲ್ಲ. ಕೋತಿ ನಡೆದಾಡಿದರೂ ಪರವಾಗಿಲ್ಲ. ತೆಂಗಿನಕಾಯಿ ಬಿದ್ದರೆ ಮಾತ್ರ ಯಾವ ಗಾಜಿಗೂ ಗ್ಯಾರಂಟಿ ಇಲ್ಲ. ಟಫನ್ಡ್ ಒಡೆದರೆ ಚೂಪಾದ ತುಂಡಾಗದೆ ಸಣ್ಣ ಹರಳುಗಳಾಗಿ ಉದುರುತ್ತದೆ. ಕೆಲವೊಮ್ಮೆ ಯಾರೂ ಮುಟ್ಟದೆ ತಾನಾಗಿಯೇ ಒಡೆಯುವುದೂ ಉಂಟು. ಒಳಗೆ ಉಳಿದ ನಿಕಲ್ ಸಲ್ಫೈಡ್ ಕಣ ಅದಕ್ಕೆ ಒಂದು ಕಾರಣ. ಹಾಗಾಗಿ ತಲೆಯ ಮೇಲೆ ಬರೀ ಟಫನ್ಡ್ ಹಾಕಬಾರದು. ಎರಡು ಗಾಜಿನ ನಡುವೆ ಪಿವಿಬಿ ಎಂಬ ಪ್ಲಾಸ್ಟಿಕ್ ಹಾಳೆ ಇರುವ ಲ್ಯಾಮಿನೇಟೆಡ್ ಗಾಜೇ ಬೇಕು. ಒಡೆದರೂ ಹಾಳೆಗೆ ಅಂಟಿಕೊಂಡು ಅಲ್ಲೇ ನಿಲ್ಲುತ್ತದೆ. ಗೋಡೆಗೆ ಟಫನ್ಡ್ ಸಾಕು. ಎರಡಕ್ಕೂ ಐಎಸ್ 2553 (ಸುರಕ್ಷಿತ ಗಾಜಿನ ಭಾರತೀಯ ಮಾನದಂಡ) ಗುರುತು ಗಾಜಿನ ಮೂಲೆಯಲ್ಲಿ ಇದೆಯಾ ನೋಡಿ ತಗೊಳ್ಳಿ.

ನಿಮ್ಮ ಉತ್ತರದ ಕಡೆಗೆ ಗಾಜಿನ ಚಾವಣಿ ತರಬೇಡಿ. ಆ ಬದಿಯ ಮೂರು ಅಡಿಗೂ ಪ್ಯಾನೆಲ್ ಹಾಕಿಸಿ. ಗಾಜಿನ ಭಾಗದ ಮೇಲೆ ಒಂದು ಅಡಿ ಎತ್ತರಕ್ಕೆ ವೆಲ್ಡ್ ಮೆಷ್ ಚೌಕಟ್ಟು ಕೂರಿಸಿದರೆ ಗರಿಯೂ ತಡೆಯುತ್ತದೆ, ಶೇಡ್ ನೆಟ್ ಕಟ್ಟಲು ಆಧಾರವೂ ಆಗುತ್ತದೆ. ಮೊದಲು ಪಕ್ಕದ ಮನೆಯವರ ಜೊತೆ ಮಾತಾಡಿ, ವರ್ಷಕ್ಕೆ ಎರಡು ಸಲ ಕಾಯಿ ಇಳಿಸುವ ವ್ಯವಸ್ಥೆ ಮಾಡಿಕೊಳ್ಳಿ. ಆ ಖರ್ಚು ನೀವೇ ಕೊಟ್ಟರೂ ಲಾಭ.

ಟಫನ್ಡ್ ಮಾಡಿದ ಮೇಲೆ ಗಾಜನ್ನು ಕತ್ತರಿಸಲು, ತೂತು ಹಾಕಲು ಆಗುವುದೇ ಇಲ್ಲ. ಆದ್ದರಿಂದ ಫ್ರೇಮ್ ಪೂರ್ತಿ ನಿಂತು, ಪೇಂಟ್ ಆದ ಮೇಲೆ ಪ್ರತಿ ಖಾನೆಯ ಅಳತೆ ಬೇರೆ ಬೇರೆ ತೆಗೆಯಬೇಕು. ಡ್ರಾಯಿಂಗ್ ನೋಡಿ ಆರ್ಡರ್ ಕೊಡುವವರ ಹತ್ತಿರ ಹೋಗಬೇಡಿ. ಕಬ್ಬಿಣ ಆದರೆ ಗ್ಯಾಲ್ವನೈಸ್ಡ್ ಪೈಪ್ ಇರಲಿ, ವೆಲ್ಡಿಂಗ್ ಆದ ಜಾಗಕ್ಕೆಲ್ಲ ಜಿಂಕ್ ಪ್ರೈಮರ್ ಬಳಿಯಲಿ. ಗಾಜು ಎಲ್ಲೂ ಲೋಹಕ್ಕೆ ತಾಗಬಾರದು, ನಡುವೆ ಇಪಿಡಿಎಂ ರಬ್ಬರ್ ಬರಬೇಕು. ಸಂದು ಮುಚ್ಚುವ ಸಿಲಿಕೋನ್ ಅಂಟು ನ್ಯೂಟ್ರಲ್ ಕ್ಯೂರ್ ಅಂತ ಬರೆದಿರುವುದೇ ಆಗಬೇಕು. ಹುಳಿ ವಾಸನೆ ಬರುವ ಅಗ್ಗದ ಸಿಲಿಕೋನ್ ಗ್ಯಾಲ್ವನೈಸ್ಡ್ ಪದರವನ್ನೂ ಲ್ಯಾಮಿನೇಟೆಡ್ ಅಂಚನ್ನೂ ತಿನ್ನುತ್ತದೆ. ಸೋರುವ ಗಾಜಿನ ಚಾವಣಿಗಳಲ್ಲಿ ನಾನು ನೋಡುವುದು ಹೆಚ್ಚಾಗಿ ಎರಡೇ: ಇಂಥ ಸಿಲಿಕೋನ್, ಇಲ್ಲ ಇಳಿಜಾರು ಸಾಲದೆ ಇರುವುದು. 10 ಅಡಿಗೆ ಎರಡು ಅಡಿಯಾದರೂ ಇಳಿಸಿ. ನೀರೂ ಓಡುತ್ತದೆ, ಧೂಳೂ ತೊಳೆದು ಹೋಗುತ್ತದೆ.

ಸೀತಾಳೆದಂಡೆ (ಬಸವನಗುಡಿ)

ನಾನು ಗಿಡದ ವಿಷಯ ಮಾತ್ರ ಹೇಳುತ್ತೇನೆ. ಅಮ್ಮನಿಗೆ ಓದಿ ಹೇಳಿ.

ಬೆಂಗಳೂರಿನ ಹವೆಯಲ್ಲಿ ಗಾಜಿನ ಕೋಣೆಯ ನಿಜವಾದ ಲಾಭ ತೇವಾಂಶ. ಫೆಬ್ರವರಿ, ಮಾರ್ಚ್‌ನಲ್ಲಿ ಇಲ್ಲಿ ಗಾಳಿ ಎಷ್ಟು ಒಣಗಿರುತ್ತದೆ ಅಂದರೆ ತೆರೆದ ತಾರಸಿಯಲ್ಲಿ ಮೇಡನ್‌ಹೇರ್ ಫರ್ನ್ ಉಳಿಯುವುದೇ ಇಲ್ಲ. ಒಳಗೆ ನೆಲಕ್ಕೆ ನೀರು ಚಿಮುಕಿಸಿ, ಜಲ್ಲಿ ತುಂಬಿದ ತಟ್ಟೆಗಳ ಮೇಲೆ ಕುಂಡ ಇಟ್ಟರೆ ಅದೇ ಫರ್ನ್ ಸೊಂಪಾಗಿ ಬೆಳೆಯುತ್ತದೆ. ನೆಲಕ್ಕೆ ಹೊಳಪಿನ ಟೈಲ್ಸ್ ಬೇಡ, ಒರಟು ಕಡಪ ಕಲ್ಲು ಹಾಕಿಸಿ. ವಯಸ್ಸಾದವರು ಒದ್ದೆ ನೆಲದಲ್ಲಿ ಜಾರಬಾರದು ಅಲ್ವಾ.

ಆರ್ಕಿಡ್ ಇಷ್ಟ ಇದ್ದರೆ ಫೆಲನಾಪ್ಸಿಸ್ ಇಡಿ. ಅದು ಹೂದಂಡು ಬಿಡಬೇಕಾದರೆ ಕೆಲವು ವಾರ 26 ಡಿಗ್ರಿಗಿಂತ ಕಡಿಮೆ ತಂಪು ಬೇಕು. ನವೆಂಬರ್‌ನಿಂದ ಜನವರಿ ತನಕ ನಮ್ಮ ರಾತ್ರಿಗಳು ಅದನ್ನು ಪುಕ್ಕಟೆ ಕೊಡುತ್ತವೆ. ಹೀಟರ್ ಇಲ್ಲದ ಕೋಣೆಯೇ ಇದಕ್ಕೆ ಒಳ್ಳೆಯದು. ಆಂಥೂರಿಯಂ, ಬಿಗೋನಿಯ, ಆಫ್ರಿಕನ್ ವಯೊಲೆಟ್ ನೆರಳಿನ ಅರ್ಧದ ಅಂಚಿನಲ್ಲಿ. ಕಳ್ಳಿ ಜಾತಿಯವು ಪೂರ್ವದ ಗಾಜಿಗೆ ಹತ್ತಿರ, ಮೇಲಿನ ಹಲಗೆಯಲ್ಲಿ. ತರಕಾರಿ ಸಸಿಗಳ ಟ್ರೇ ಇಡಲು ಇಂಥ ಜಾಗ ಇನ್ನೊಂದಿಲ್ಲ. ಆದರೆ ಹೀರೆ, ಸೌತೆ ಒಳಗೆ ಬೇಡ. ಜೇನ್ನೊಣ ಬರದೆ ಕಾಯಿ ಕಟ್ಟುವುದಿಲ್ಲ, ಕೈಯಿಂದ ಪರಾಗ ಹಚ್ಚುತ್ತಾ ಕೂರಬೇಕು. ಟೊಮೇಟೊ ಪರವಾಗಿಲ್ಲ, ಹೂವಿನ ಗೊಂಚಲು ಮೆಲ್ಲಗೆ ಅಲ್ಲಾಡಿಸಿದರೆ ಸಾಕು.

ಮಳೆ ಬೀಳದ ಜಾಗದಲ್ಲಿ ಕೀಟ ಜಾಸ್ತಿ. ಹೊರಗೆ ಮಳೆಯೇ ಎಲೆ ತೊಳೆಯುತ್ತದೆ. ಒಳಗೆ ಬಿಳಿ ಹಿಟ್ಟು ತಿಗಣೆ, ನುಸಿ, ಬಿಳಿ ನೊಣ ನೆಲೆಯೂರುತ್ತವೆ. ವಾರಕ್ಕೊಮ್ಮೆ ಎಲೆಯ ಅಡಿಭಾಗಕ್ಕೆ ಜೋರಾಗಿ ನೀರು ಹೊಡೆಯಿರಿ. ಬೇವಿನ ಎಣ್ಣೆಗೆ ಸ್ವಲ್ಪ ಸೋಪು ಕಲಸಿ ಸಂಜೆ ಹೊತ್ತು ಸಿಂಪಡಿಸಿ, ಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ. ಸಿದ್ದಾಪುರದ ನರ್ಸರಿಗಳಿಂದ ತಂದ ಹೊಸ ಗಿಡವನ್ನು ಕೂಡಲೇ ಒಳಗೆ ಸೇರಿಸದೆ ಎರಡು ವಾರ ಹೊರಗಿಟ್ಟು ಗಮನಿಸಿ. ಕುಂಡದ ಕೆಳಗಿನ ತಟ್ಟೆಯ ನೀರು ವಾರಕ್ಕೊಮ್ಮೆಯಾದರೂ ಚೆಲ್ಲಿ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಇಂಥ ಚೂರು ನೀರಿನಲ್ಲೇ ಮೊಟ್ಟೆಯಿಡುತ್ತದೆ. ಜಲ್ಲಿ ತಟ್ಟೆಗೂ ಇದೇ ಮಾತು. ಕಿಂಡಿ, ಲೂವರ್‌ಗಳಿಗೆಲ್ಲ ಸೊಳ್ಳೆ ಪರದೆ ಇರಲಿ.

ಏಪ್ರಿಲ್‌ನಲ್ಲಿ ಹಪ್ಪಳ ಸಂಡಿಗೆ ಒಣಗಿಸಲೂ ಇದೇ ಕೋಣೆ. ಪಾರಿವಾಳದ ಕಾಟ ಇಲ್ಲ, ರಸ್ತೆ ಧೂಳಿಲ್ಲ. ಕಿಂಡಿ ತೆರೆದಿಡಿ, ಇಲ್ಲದಿದ್ದರೆ ಸಂಡಿಗೆಯ ಹಸಿ ಗಾಳಿ ಅಲ್ಲೇ ಸುತ್ತುತ್ತದೆ.

ಮಳೆನೀರು (ಜಯನಗರ)

ಆ ಚಾವಣಿಯ ನೀರನ್ನು ಸುಮ್ನೆ ರಸ್ತೆಗೆ ಬಿಡಬೇಡಿ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಅಂದರೆ ಒಂದು ಲೀಟರ್. ನಮ್ಮಲ್ಲಿ ವರ್ಷಕ್ಕೆ ಸರಾಸರಿ 900 ಮಿ.ಮೀ. ದಾಟುತ್ತದೆ. 11 ಚದರ ಮೀಟರಿಗೆ ಹತ್ತು ಸಾವಿರ ಲೀಟರ್ ಆಗುತ್ತದೆ. ಆರ್ಕಿಡ್‌ಗೆ ಬೋರ್‌ವೆಲ್ ಗಡಸು ನೀರು ಆಗುವುದಿಲ್ಲ, ಎಲೆಯ ಮೇಲೆ ಬಿಳಿ ಕಲೆ ಕೂರುತ್ತದೆ. ಗಾಜಿನ ಮೇಲೂ ಅಷ್ಟೇ. ಒಂದು 200 ಲೀಟರ್ ಡ್ರಮ್ ಒಳಗೇ ಇಟ್ಟು ಮಳೆ ನೀರು ತುಂಬಿಸಿ, ಮುಚ್ಚಳ ಬಿಗಿಯಾಗಿರಲಿ. ಹಗಲಿನ ಶಾಖವನ್ನು ಸ್ವಲ್ಪ ಹೀರಿಕೊಂಡು ಜನವರಿ ರಾತ್ರಿ ಬಿಡುತ್ತದೆ. ಡ್ರಮ್ಮನ್ನೂ ಬೀಮಿನ ಮೇಲೇ ಇಡಿ, ತುಂಬಿದರೆ 200 ಕೆ.ಜಿ.

ಕಾಲಂಬೀಮು (ಬನಶಂಕರಿ)

ಸರಿಯಾಗಿ ಹೇಳಿದಿರಿ. ಪರವಾನಗಿಯ ಮಾತೂ ಒಂದು ಇರಲಿ. ತಾರಸಿಯ ಮೇಲೆ ಹೊಸ ಕೋಣೆ ಕಟ್ಟಿದರೆ ಅದು ಮಂಜೂರಾದ ನಕ್ಷೆಯಿಂದ ಆಚೆ ಹೋಗಬಹುದು. ಸೆಟ್‌ಬ್ಯಾಕ್ ಜಾಗದ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ) ಮೇಲೆ ಚಾಚಬಾರದು. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಬದಲು ಐದು ನಗರ ಪಾಲಿಕೆಗಳು ಇವೆ. ನಿಮ್ಮ ಪಾಲಿಕೆಯ ಕಚೇರಿಯಲ್ಲಿ ಹಳೆಯ ನಕ್ಷೆ ತೋರಿಸಿ, ಮೊದಲೇ ಬರಹದಲ್ಲಿ ಕೇಳಿಕೊಳ್ಳಿ. ಅಪಾರ್ಟ್‌ಮೆಂಟಿನಲ್ಲಿರುವವರು ಅಸೋಸಿಯೇಷನ್ ಒಪ್ಪಿಗೆ ಇಲ್ಲದೆ ಬಾಲ್ಕನಿಗೂ ಕೈ ಹಾಕಬೇಡಿ.

ಹೊಂಗೆನೆರಳು (ವಿಜಯನಗರ)

ಎಲ್ಲರ ಮಾತು ಸೇರಿಸಿ ಹೊಸ ನಕ್ಷೆ ಬರೆಸಿದೆ. ಪಶ್ಚಿಮಕ್ಕೆ ಹಾಲ್‌ನ ಗೋಡೆ ಹೇಗೂ ಇದೆ. ಅದಕ್ಕೆ ತಾಗಿ 5 ಅಡಿ ಪಫ್ ಪ್ಯಾನೆಲ್, ಉತ್ತರದ 3 ಅಡಿಯೂ ಪ್ಯಾನೆಲ್, ಉಳಿದ ಚಾವಣಿ ಲ್ಯಾಮಿನೇಟೆಡ್ ಗಾಜು. ಇಳಿಜಾರು ಪೂರ್ವಕ್ಕೆ. ಮೇಲಿನ ಕಿಂಡಿ ಹಾಲ್‌ನ ಗೋಡೆಯ ತುದಿಯಲ್ಲಿ ಉದ್ದಕ್ಕೂ ಬರುತ್ತದೆ, 12 ಅಡಿಗೆ ಒಂದೂವರೆ ಅಡಿ. ಒಂದು ಅನುಮಾನ: ಹಾಲ್‌ನಿಂದ ಕೋಣೆಗೆ ಬಾಗಿಲು ಬೇಕಾ, ಇಲ್ಲ ತೆರೆದೇ ಬಿಡಬಹುದಾ? ತೆರೆದಿದ್ದರೆ ಹಾಲ್ ದೊಡ್ಡದಾಗಿ ಕಾಣುತ್ತದೆ ಅನ್ನುತ್ತಾರೆ ಮನೆಯವರು.

ಸಂಪಿಗೆರಸ್ತೆ (ಮಲ್ಲೇಶ್ವರ)

ಬಾಗಿಲು ಖಂಡಿತ ಬೇಕು. ಕಿಂಡಿ 18 ಚದರ ಅಡಿ ಆಯಿತು, ಸಾಕು. ಆದರೂ ಬೇಸಿಗೆಯ ಮಧ್ಯಾಹ್ನ ಒಳಗೆ ಹೊರಗಿಗಿಂತ ನಾಲ್ಕೈದು ಡಿಗ್ರಿ ಜಾಸ್ತಿಯೇ ಇರುತ್ತದೆ. ಆ ಬಿಸಿ ಹಾಲ್‌ಗೆ ಬರಬಾರದು. ತೇವಾಂಶವೂ ಮರದ ಪೀಠೋಪಕರಣಕ್ಕೆ ಒಳ್ಳೆಯದಲ್ಲ. ಮಡಚುವ ಗಾಜಿನ ಬಾಗಿಲು ಹಾಕಿಸಿ. ಚಳಿಗಾಲದ ಬೆಳಗ್ಗೆ ಪೂರ್ತಿ ಮಡಚಿದರೆ ಹಾಲ್ ಕೂಡ ಬೆಚ್ಚಗಾಗುತ್ತದೆ, ಮಾರ್ಚ್ ಬಂದ ಮೇಲೆ ಹತ್ತು ಗಂಟೆಗೆ ಮುಚ್ಚಿಬಿಡಿ.

ಇನ್ನೊಂದು ಕೇಳಿಕೊಳ್ಳುತ್ತೇನೆ. ಪೂರ್ವದ ಗಾಜಿನಲ್ಲಿ ಎದುರಿನ ಮರ ಪ್ರತಿಬಿಂಬಿಸಿ ಹಕ್ಕಿಗಳು ಹಾರಿ ಬಂದು ಹೊಡೆದುಕೊಂಡು ಸಾಯುತ್ತವೆ. ಗಾಜಿನ ಹೊರಮುಖಕ್ಕೆ ಎರಡು ಇಂಚಿಗೊಂದರಂತೆ ಸಣ್ಣ ಚುಕ್ಕಿ ಸ್ಟಿಕ್ಕರ್ ಅಂಟಿಸಿ. ಒಂದೆರಡು ದೊಡ್ಡ ಹದ್ದಿನ ಚಿತ್ರ ಅಂಟಿಸಿದರೆ ಸಾಲದು, ನಡುವಿನ ಜಾಗದಲ್ಲಿ ನುಗ್ಗುತ್ತವೆ. ಗಾಜು ಕೂರಿಸಿದ ದಿನವೇ ಈ ಕೆಲಸ ಮುಗಿಸಿ.